ಅಮ್ಮ ಮಂಡಿಸಿದ ನಿರ್ಣಯ

ಎಂಬರ್ಲಿ, ಮಿನೆಸೋಟ
ಭಾನುವಾರ, ಮಾರ್ಚ್ 17, 1968

ಪ್ರೀತಿಯ ಮಗಳು ವಿಡಾಳಿಗೆ,

ಹೇಗಿದ್ದೀಯ? ಕೆಮ್ಮು ಹೋಯಿತೇ? ಡಿಸೆಂಬರಿನಲ್ಲಿ ಬಂದಾಗ ಗೋಡೆಯಾಚೆಯಿಂದ ಕೇಳಿಸುತ್ತಿತ್ತು. ಔಷಧ ತೆಗೆದುಕೊಂಡೆಯಾ ಎಂದು ವಿಚಾರಿಸಬೇಕೆಂದಿದ್ದೆ, ಅಷ್ಟರಲ್ಲಿ ನಮ್ಮಿಬ್ಬರ ಜಗಳವೇ ಆಗಿಹೋಯಿತು. ಆಸ್ಪತ್ರೆಯಲ್ಲಿ ಹೊತ್ತುಗಟ್ಟಲೆ ನಿಂತೇ ಇರಬೇಕಂತೆ, ಅಮ್ಮ ಹೇಳಿದಳು. ಮೆತ್ತಗಿನ ಬೂಟು ಹಾಕಿಕೋ, ಅಂದಚೆಂದ ನೋಡಬೇಡ. ನನ್ನ ಮೊಣಕಾಲು ಹಾಗೇ ಇದೆ. ಅಮ್ಮನ ಮೈಗೇನೂ ತೊಂದರೆಯಿಲ್ಲ. ನಿನ್ನ ತಮ್ಮ ಮಾರ್ಟಿನ್‌ನಿಂದ ಹೋದ ವಾರ ಕಾಗದ ಬಂತು, ಫೆಬ್ರವರಿಯಲ್ಲಿ ಬರೆದದ್ದು. ವಿಯೆಟ್ನಾಮಿನಲ್ಲಿ ಒಗೆದದ್ದು ಯಾವುದೂ ಒಣಗುವುದಿಲ್ಲವಂತೆ, ಕಾಲುಚೀಲ ಕಳಿಸಿ ಎಂದಿದ್ದಾನೆ. ಅಷ್ಟೇ ಬರೆದಿದ್ದಾನೆ. ಆ ಏಳು ಸಾಲನ್ನು ಅಮ್ಮ ಬೆಳಿಗ್ಗೆ ಒಮ್ಮೆ, ಊಟದ ನಂತರ ಒಮ್ಮೆ ಓದುತ್ತಾಳೆ.

ನಾನು ಕಾಗದ ಬರೆಯುವವನಲ್ಲ, ನಿನಗೆ ಗೊತ್ತು. ಕಾರ್ಮಿಕ ಸಂಘದ ಸಭೆಯ ವರದಿ ಬರೆದು ಅಭ್ಯಾಸ, ಇದೂ ಹಾಗೇ ಕಂಡರೆ ನಗಬೇಡ. ಕ್ರಿಸ್‌ಮಸ್ ಮಾರನೆಯ ದಿನ ನೀನು ಬಾಗಿಲಲ್ಲಿ ನಿಂತು, ನಿನ್ನ ಪಕ್ಷ ನನ್ನ ತಮ್ಮನ್ನ ತಿಂತಾ ಇದೆ, ನೀನು ಅದಕ್ಕೇ ವೋಟು ಕೇಳ್ಕೊಂಡು ತಿರುಗ್ತೀಯ ಎಂದೆ. ಆ ಸೆನೆಟರನ ಬಿಲ್ಲೆ ಎದೆಗೆ ಚುಚ್ಚಿಕೊಂಡು ಈ ಮನೆಗೆ ಬರಬೇಡ ಎಂದು ನಾನಂದೆ. ಹಾಗೆ ಅನ್ನಬಾರದಿತ್ತು. ನೀನು ಮಿನಿಯಾಪೊಲಿಸ್ ಬಸ್ಸು ಹತ್ತುವ ಮೊದಲೇ ಅದು ಗೊತ್ತಾಯಿತು. ಗೊತ್ತಾದದ್ದನ್ನು ಹೇಳಲು ಮೂರು ತಿಂಗಳು ಬೇಕಾಯಿತು. ಕ್ಷಮಿಸು.

ಆದರೆ ನನ್ನ ಕಡೆಯದನ್ನೂ ಒಂದಿಷ್ಟು ಕೇಳು. ನಿನ್ನ ಅಜ್ಜ ಕಬ್ಬಿಣದ ಗಣಿಯಲ್ಲಿ ಕೈ ಕಳೆದುಕೊಂಡಾಗ ಗಣಿಯವರು ಮನೆ ಖಾಲಿ ಮಾಡಲು ಹತ್ತು ದಿನ ಕೊಟ್ಟರು. ನನಗಾಗ ಒಂಬತ್ತು ವರ್ಷ. ಬೇರೆ ದೇಶದಿಂದ ಬಂದ ನಮಗೆ ಭಾಷೆಯೇ ಬರದ ಊರು. ನಮ್ಮ ಪರವಾಗಿ ಮಾತಾಡಿದವರು ಈ ರೈತ-ಕಾರ್ಮಿಕರ ಪಕ್ಷದವರು ಮಾತ್ರ. ಸಂಘ ಬಂದದ್ದು, ಪಿಂಚಣಿ ಬಂದದ್ದು, ಮೊನ್ನೆ ಅಜ್ಜಿಯ ಕಣ್ಣಿನ ಆಪರೇಷನ್ ಆದದ್ದು, ಎಲ್ಲ ಇವರಿಂದಲೇ. ದೇಶದ ಈಗಿನ ಅಧ್ಯಕ್ಷರು ನಮ್ಮ ಪಕ್ಷದವರು, ಉಪಾಧ್ಯಕ್ಷರಂತೂ ನಮ್ಮ ರಾಜ್ಯದವರೇ. ಅವರಿಗೆ ಎದುರಾಗಿ, ಯುದ್ಧ ನಿಲ್ಲಿಸಬೇಕೆಂದು ನಿಂತಿರುವ ನಿನ್ನ ಸೆನೆಟರನೂ ನಮ್ಮ ಪಕ್ಷದವನು, ನಮ್ಮ ರಾಜ್ಯದವನು. ಒಂದೇ ಮನೆಯಲ್ಲಿ ಎರಡು ಒಲೆ ಹೊತ್ತಿಕೊಂಡಂತಾಗಿದೆ. ನವೆಂಬರ್ ಚುನಾವಣೆಗೆ ನಾವು ಹೀಗೆ ಒಡೆದುಕೊಂಡು ಹೋದರೆ ಎದುರು ಪಕ್ಷದವರು ಗುಡಿಸಿಕೊಂಡು ಹೋಗುತ್ತಾರೆ ಎನ್ನುವುದು ನನ್ನ ಭಯ. ಅದು ಸುಳ್ಳು ಭಯವಲ್ಲ ವಿಡಾ.

ಇಷ್ಟು ಹೇಳಿ ಈಗ ಮಾರ್ಚ್ ಐದನೇ ತಾರೀಖಿನ ಸಂಗತಿಗೆ ಬರುತ್ತೇನೆ. ಅಂದು ನಮ್ಮ ಮೂರನೇ ವಾರ್ಡಿನ ಪಕ್ಷದ ಸಭೆ, ಶಾಲೆಯ ಊಟದ ಹಾಲಿನಲ್ಲಿ. ಯಾವಾಗಲೂ ಮೂವತ್ತು ಜನ ಬಂದರೆ ಹೆಚ್ಚು. ಈ ಸಲ ಎಪ್ಪತ್ತೈದು. ಹೈಸ್ಕೂಲಿನ ಹೊಸ ಮೇಷ್ಟ್ರು ಯುದ್ಧ ಬೇಡವೆನ್ನುವವರನ್ನೆಲ್ಲ ಕರೆತಂದಿದ್ದ: ಇಬ್ಬರು ಪಾದ್ರಿಗಳು, ಗ್ರಂಥಾಲಯದ ಹೆಂಗಸು, ನಾನು ಹೆಸರೂ ಕೇಳಿರದ ಎಷ್ಟೋ ಯುವಕರು. ಇವರಲ್ಲಿ ಒಬ್ಬರಾದರೂ ಒಂದು ದಿನ ಬಾಗಿಲು ತಟ್ಟಿ ವೋಟು ಕೇಳಿದ್ದಾರಾ ಎಂದು ನಮ್ಮ ಹಳಬರು ಗೊಣಗಿದರು. ಎಮಿಲ್ ಕೊಬಾಲ್ ನನ್ನ ಪಕ್ಕದಲ್ಲೇ ಕೂತಿದ್ದ. ಈ ಸಲ ಅವನು ರಾಜ್ಯದ ಶಾಸನಸಭೆಗೆ ನಿಲ್ಲುತ್ತಿದ್ದಾನೆ. ಮೂವತ್ತು ವರ್ಷ ಒಂದೇ ಪಾಳಿಯಲ್ಲಿ ಗಣಿಗಿಳಿದವರು ನಾವು. ಅವನ ಪ್ರಚಾರದ ಹೊಣೆ ನನ್ನದೇ. ಎರಡೂ ಕಡೆಯವರು ಗೋಡೆಗೆ ಬೆನ್ನು ಕೊಟ್ಟು ಎದುರುಬದುರು ಕೂತರು. ಚರ್ಚಿನಲ್ಲಿ ಅಕ್ಕಪಕ್ಕ ಕೂರುವವರು ಅಂದು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ನಿರ್ಣಯಗಳೇನಾದರೂ ಇವೆಯೇ ಎಂದು ಅಧ್ಯಕ್ಷತೆ ವಹಿಸಿದ್ದ ನಾನು ಕೇಳಿದಾಗ ಮೇಷ್ಟ್ರು ಏಳುತ್ತಾನೆ ಎಂದುಕೊಂಡಿದ್ದೆ. ಎದ್ದದ್ದು ನಿನ್ನ ಅಮ್ಮ. ಕಾಫಿ ಮೇಜಿನ ಹಿಂದಿನಿಂದ ಕೈ ಒರೆಸಿಕೊಂಡು ಬಂದಳು. ಜೇಬಿನಿಂದ ಮಡಿಸಿದ ಚೀಟಿ ತೆಗೆದಳು. ಬಾಂಬು ಹಾಕುವುದನ್ನು ನಿಲ್ಲಿಸಿ, ಮಾತುಕತೆಗೆ ಕೂರಿ, ಅಲ್ಲಿಯವರೆಗೆ ಹೊಸಬರನ್ನು ಕಳಿಸಬೇಡಿ, ಮೂರೇ ಸಾಲು. ಓದಿ ಮುಗಿಸಿ ಹೋಗುತ್ತಾಳೆ ಎಂದುಕೊಂಡೆ, ಹೋಗಲಿಲ್ಲ. ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

"ನಾನು ಇಪ್ಪತ್ತೆರಡು ವರ್ಷದಿಂದ ಈ ಸಭೆಗೆ ಕಾಫಿ ಮಾಡ್ತಿದೀನಿ. ಯಾರೂ ನನ್ನ ಏನೂ ಕೇಳಿಲ್ಲ, ನಾನೂ ಏನೂ ಹೇಳಿಲ್ಲ. ನನ್ನ ಮಗನ್ನ ವಾಪಸ್ ಕರೆಸಿ ಅಂತ ಕೇಳೋಕೆ ಎದ್ದಿಲ್ಲ. ಅವನು ಹೋಗಿ ಆಯ್ತು. ಇನ್ನೊಬ್ಬಳ ಮಗನ್ನ ಕಳಿಸೋ ಮುಂಚೆ ನಮ್ಮ ಪಕ್ಷ ನಮ್ಮನ್ನ ಒಂದು ಮಾತು ಕೇಳ್ಲಿ. ನಮ್ಮದೇ ಪಕ್ಷ ಅಲ್ವಾ? ಬೇರೆಯವರನ್ನ ಹೋಗಿ ಕೇಳಕ್ಕಾಗುತ್ತಾ?"

ಯಾರೂ ಚಪ್ಪಾಳೆ ತಟ್ಟಲಿಲ್ಲ. ಆಗ ಟೋಯ್ವೋ ಲಾಹ್ತಿ ಎದ್ದ. ಅಕ್ಟೋಬರಿನಲ್ಲಿ ಅವನ ಮಗ ರೇಮಂಡ್ ಪೆಟ್ಟಿಗೆಯಲ್ಲಿ ಮನೆಗೆ ಬಂದದ್ದು ನಿನಗೆ ಗೊತ್ತಿದೆ. ಅವನು ಅಮ್ಮನ ಪರವಾಗಿ ಮಾತಾಡುತ್ತಾನೆಂದು ಇಡೀ ಹಾಲು ಕಾದಿತ್ತು. ಅವನು ಟೋಪಿ ತಿರುಗಿಸುತ್ತಾ, ಸೈಮಾ, ನೀನು ಹೇಳೋದು ಸರಿ ಇರಬಹುದು, ಆದ್ರೆ ನಾನು ಅದಕ್ಕೆ ಕೈ ಎತ್ತಿದ್ರೆ ನನ್ನ ಹುಡುಗ ಸುಮ್ಮಸುಮ್ಮನೆ ಹೋದ ಅಂತ ನಾನೇ ಬರೆದುಕೊಟ್ಟ ಹಾಗಾಗುತ್ತೆ, ನನ್ನಿಂದ ಆಗಲ್ಲ ಎಂದು ಕೂತ. ಅಮ್ಮ ಅವನ ಬಳಿ ಹೋಗಿ ಭುಜದ ಮೇಲೆ ಕೈಯಿಟ್ಟಳು.

ಕೈ ಎಣಿಸಿದೆವು. ಪರ ಮೂವತ್ತೇಳು, ವಿರೋಧ ಮೂವತ್ತೇಳು. ಇನ್ನೊಮ್ಮೆ ಎಣಿಸಿದರೂ ಅಷ್ಟೇ. ಉಳಿದವನು ನಾನೊಬ್ಬ. ಸಮ ಬಂದರೆ ನಿರ್ಣಯ ಬಿದ್ದುಹೋಗುತ್ತದೆ. ಅಧ್ಯಕ್ಷತೆ ವಹಿಸಿದವನು ಬೇಕಾದರೆ ಕೈ ಎತ್ತಬಹುದು, ಎತ್ತಲೇಬೇಕೆಂದಿಲ್ಲ. ಎಮಿಲ್ ನನ್ನ ಕಡೆ ಬಾಗಿ ಮೆಲ್ಲಗೆ, "ನೀನೇನೂ ಮಾಡ್ಬೇಡ ಲುಡ್ವಿಗ್. ಸುಮ್ನೆ ಕೂತಿರು, ಸಾಕು," ಎಂದ.

ನಾನು ಸುಮ್ಮನೆ ಕೂತೆ.

ನಿರ್ಣಯ ಬಿತ್ತು ಎಂದು ನಾನೇ ಘೋಷಿಸಿದೆ. ನನ್ನ ಧ್ವನಿ ನಡುಗಲಿಲ್ಲ, ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಆಮೇಲೆ ಜಿಲ್ಲಾ ಸಮ್ಮೇಳನಕ್ಕೆ ಐದು ಪ್ರತಿನಿಧಿಗಳನ್ನು ಆರಿಸಲು ಒಂದು ಗಂಟೆ ಚೌಕಾಶಿ ನಡೆಯಿತು. ಅವರ ಕಡೆಯಿಂದ ಮೇಷ್ಟ್ರು ಮತ್ತು ಅಮ್ಮ, ನಮ್ಮ ಕಡೆಯಿಂದ ಎಮಿಲ್, ಟೋಯ್ವೋ, ನಾನು. 'ಅವರ ಕಡೆ' ಎಂದು ಅಮ್ಮನ ಹೆಸರು ಬರೆಯುವಾಗ ಪೆನ್ನು ಒಂದು ಗಳಿಗೆ ನಿಂತಿತು.

ಮನೆಗೆ ಬರುವಾಗ ಕಾರಿನಲ್ಲಿ ಅವಳು ಹಿಮ ಸರಿಸುವ ಲಾರಿ ಇನ್ನೂ ನಮ್ಮ ಬೀದಿಗೆ ಬಂದಿಲ್ಲವೆಂದಳು. ಸೂಪು ಬಿಸಿ ಮಾಡಿ ಬಡಿಸಿದಳು. ಸಿಟ್ಟು ಮಾಡಿಕೊಂಡಿದ್ದರೆ ನನಗೆ ಸುಲಭವಾಗುತ್ತಿತ್ತು. ನಾನು ಅಧ್ಯಕ್ಷನ ಕುರ್ಚಿಯಲ್ಲಿರುವಾಗ ಹಾಗೆ ಎದುರಿಗೆ ಎದ್ದು ನಿಲ್ಲುವುದಾ, ಮೊದಲೇ ಒಂದು ಮಾತು ಹೇಳಬಾರದಿತ್ತಾ ಎಂದು ನಾನೇ ಕೆದಕಿದೆ. ಅವಳು ತಟ್ಟೆ ತೊಳೆಯುತ್ತಲೇ, "ನೀನು ನನ್ನ ವಿರುದ್ಧ ಕೈ ಎತ್ತಿದ್ರೂ ನಂಗೆ ಬೇಜಾರಾಗ್ತಿರ್ಲಿಲ್ಲ. ಟೋಯ್ವೋ ಎತ್ತಿದ, ಬೇಜಾರಾಯ್ತಾ? ನೀನು ಎತ್ತಲೂ ಇಲ್ಲ, ಇಳಿಸಲೂ ಇಲ್ಲ," ಎಂದಳು. ಅಂದಿನಿಂದ ನಿನ್ನ ಕೋಣೆಯಲ್ಲಿ ಮಲಗುತ್ತಿದ್ದಾಳೆ. ಊಟ ತಿಂಡಿಗೆ ಕೊರತೆಯಿಲ್ಲ, ನನ್ನ ಅಂಗಿಗೆ ಗುಂಡಿ ಹಾಕಿಟ್ಟಿರುತ್ತಾಳೆ, ಹವಾಮಾನದ ಬಗ್ಗೆ ಮಾತಾಡುತ್ತಾಳೆ. ಆದರೂ ಮನೆಯಲ್ಲಿ ಯಾರೋ ಪರವೂರಿನಿಂದ ಬಂದು ಇಳಿದುಕೊಂಡ ಹಾಗಿದೆ. ಆ ಪರವೂರಿನವನು ನಾನೇ.

ಹೊರಗೆ ಮಾತ್ರ ನನಗೆ ಬೆನ್ನು ತಟ್ಟುವವರೇ. ಹೆಂಡತಿಯ ಮುಂದೆಯೂ ಪಕ್ಷ ಬಿಟ್ಟುಕೊಡದ ಗಂಡಸು ಎಂದು ಸಂಘದ ಕಚೇರಿಯಲ್ಲಿ ಯಾರೋ ಅಂದರಂತೆ. ನಿನಗೆ ನಗು ಬಂದರೆ ನಕ್ಕುಬಿಡು. ನಾನು ಅದನ್ನು ಕೇಳಿ, ಊಟದ ಡಬ್ಬಿ ತೆರೆಯದೆ ಮನೆಗೆ ತಂದೆ.

ಗುರುವಾರ ಮಧ್ಯಾಹ್ನ ಎಮಿಲ್ ಬಂದ. ಒಳ್ಳೆಯವನು ಎಮಿಲ್, ನೀನು ಹುಟ್ಟಿದ ದಿನ ಹಿಮದಲ್ಲಿ ಡಾಕ್ಟರನ್ನು ಜಾರುಬಂಡಿಯಲ್ಲಿ ಕೂರಿಸಿ ಎಳೆದು ತಂದವನು ಅವನೇ. ಅಮ್ಮ ಅವನಿಗೆ ಅಕ್ರೋಟದ ಬ್ರೆಡ್ಡು ಕೊಯ್ದು ಕೊಟ್ಟಳು, ಅವನು ಎರಡು ಸಲ ಹಾಕಿಸಿಕೊಂಡ. ಆಮೇಲೆ ಪ್ರಚಾರದ ಕರಪತ್ರದ ಮಾದರಿ ತೆಗೆದು ಮೇಜಿನ ಮೇಲೆ ಹರಡಿದ. ನಡುವೆ ಒಂದು ಚೌಕ ಖಾಲಿ ಬಿಟ್ಟಿತ್ತು. ಇಲ್ಲಿಗೆ ಮಾರ್ಟಿನ್ ಸಮವಸ್ತ್ರದಲ್ಲಿರುವ ಫೋಟೊ ಬೇಕು, ಪಕ್ಕದಲ್ಲಿ ನೀನು, ಕೆಳಗೆ 'ಸೈನಿಕನ ತಂದೆ ನಮ್ಮೊಂದಿಗೆ' ಅಂತ ಎರಡು ಮಾತು, ಅಷ್ಟು ಹಾಕಿದರೆ ಆ ಮೇಷ್ಟ್ರ ಗುಂಪಿನ ಬಾಯಿ ಮುಚ್ಚಿಹೋಗುತ್ತದೆ ಎಂದ. ಕೆಟ್ಟ ಬುದ್ಧಿಯಿಂದ ಅಂದದ್ದಲ್ಲ. ಗೆಲ್ಲಬೇಕು, ಅದಕ್ಕೆ ಏನೇನು ಬೇಕೋ ಅದರಲ್ಲಿ ಇದೂ ಒಂದು ಎಂದುಕೊಂಡಿದ್ದ. ಹೋದ ತಿಂಗಳಾಗಿದ್ದರೆ ನಾನೇ ಫೋಟೊ ಇಳಿಸಿ ಕೊಡುತ್ತಿದ್ದೆನೋ ಏನೋ.

ಅಮ್ಮ ಒಲೆಯ ಕಡೆ ತಿರುಗಿ ನಿಂತಿದ್ದಳು. ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಎಮಿಲ್ ಎದ್ದು ಗೋಡೆಯ ಮೇಲಿನ ಫೋಟೊಗೆ ಕೈ ಹಾಕಿದ. ಬೇಡ ಎಂದೆ. ಅವನು ಕೇಳಿಸಿಕೊಳ್ಳಲಿಲ್ಲ ಎಂದುಕೊಂಡು ಇನ್ನೊಮ್ಮೆ ಬೇಡ ಎಂದೆ. ಯಾಕೆ ಎಂದ. "ಅವನನ್ನ ನಾವು ಕೇಳಿಲ್ಲ, ಎಮಿಲ್," ಎಂದೆ. ಅಷ್ಟೇ ನನಗೆ ಹೊಳೆದದ್ದು. ಹೇಳಿದ ಮೇಲೆ, ಇದೇ ಮಾತನ್ನಲ್ಲವೇ ಅವಳು ಎಪ್ಪತ್ತೈದು ಜನರ ಮುಂದೆ ಹೇಳಿದ್ದು, ನಾನು ಸುಮ್ಮನೆ ಕೂತದ್ದು ಎಂದು ತಿಳಿಯಿತು. ಎಮಿಲ್ ಕರಪತ್ರ ಮಡಿಸಿಕೊಂಡು, ಯೋಚನೆ ಮಾಡು, ಅವಸರವಿಲ್ಲ ಎಂದು ಹೋದ. ಅಮ್ಮ ತಿರುಗಿ ನೋಡಲಿಲ್ಲ. ಅಂದು ಸಂಜೆ ಮಾತ್ರ ನನ್ನ ಮೊಣಕಾಲಿಗೆ ಬಿಸಿನೀರಿನ ಚೀಲ ತಂದಿಟ್ಟಳು.

ಇದೆಲ್ಲ ನಿನಗೇಕೆ ಬರೆಯುತ್ತಿದ್ದೇನೆಂದರೆ, ನಿನ್ನ ಸೆನೆಟರ್ ನನಗೆ ಇಂದಿಗೂ ಹಿಡಿಸುವುದಿಲ್ಲ, ಅದನ್ನು ತಿಳಿಸಬೇಕಿತ್ತು. ನಾನು ಪಕ್ಷ ಬಿಡುವವನೂ ಅಲ್ಲ. ಆದರೆ ಮನೆಗೆ ಬಾ. ಬಿಲ್ಲೆ ಚುಚ್ಚಿಕೊಂಡೇ ಬಾ, ಕೋಟು ತೂಗುಹಾಕುವಾಗ ಯಾರ ಬಿಲ್ಲೆಯನ್ನೂ ಯಾರೂ ತೆಗೆಸುವುದಿಲ್ಲ. ಅಜ್ಜಿ ನಿನ್ನನ್ನು ಕೇಳುತ್ತಿರುತ್ತಾಳೆ, ಈಗ ಎರಡು ಕಣ್ಣೂ ಚೆನ್ನಾಗಿ ಕಾಣುತ್ತವೆ, ನೀನು ಸೊರಗಿದ್ದರೆ ಬೈಯುತ್ತಾಳೆ. ದೇವರು ನಿನ್ನನ್ನೂ, ದೂರದಲ್ಲಿರುವ ಅವನನ್ನೂ ಕಾಪಾಡಲಿ.

ನಿನ್ನ ಅಪ್ಪ,
ಲುಡ್ವಿಗ್ ಝಾಲರ್

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬಂದಿರಲಿಲ್ಲ. ಏಪ್ರಿಲ್ 20, ಶನಿವಾರ, ಜಿಲ್ಲಾ ಸಮ್ಮೇಳನ. ವಾರ್ಡಿನಲ್ಲಿ ಬಿದ್ದ ನಿರ್ಣಯವನ್ನು ಅಲ್ಲಿ ಯಾವ ಪ್ರತಿನಿಧಿ ಬೇಕಾದರೂ ಮತ್ತೆ ಮಂಡಿಸಬಹುದು. ಅದೇ ವಾರ್ಡಿನ ಇನ್ನೊಬ್ಬರು ಎದ್ದು ಅನುಮೋದಿಸಬೇಕು. ಅಮ್ಮ ಮಂಡಿಸುತ್ತಾಳೆ. ಅನುಮೋದಿಸುವುದು ಮೇಷ್ಟ್ರು ಎಂದು ಎಲ್ಲರೂ ಎಂದುಕೊಂಡಿದ್ದಾರೆ. ನಾನು ಅನುಮೋದಿಸುತ್ತೇನೆ. ಬೆನ್ನ ಹಿಂದೆ ಮಾಡಬಾರದೆಂದು, ಲಕೋಟೆ ಅಂಟಿಸುವ ಮೊದಲು ಎಮಿಲ್ ಮನೆಗೆ ಹೋಗಿ ಹೇಳಿ ಬಂದೆ. ಅವನು, "ಹಾಗಾದ್ರೆ ನವೆಂಬರ್‌ನಲ್ಲಿ ನನಗೋಸ್ಕರ ಬಾಗಿಲು ತಟ್ಟೋರು ಯಾರು?" ಎಂದ. ನಾನೇ ಎಂದೆ. ಮೂರನೇ ವಾರ್ಡಿನ ಎಲ್ಲ ಬೀದಿಗಳನ್ನೂ ನಡೆಯುತ್ತೇನೆ, ಅವನು ಬೇಡವೆಂದರೂ. ಸಮ್ಮೇಳನಕ್ಕೆ ನೀನು ಬರಬೇಕು. ಮುನ್ನೂರು ಜನ ಇರುತ್ತಾರೆ, ಅಮ್ಮ ಅಷ್ಟು ಜನರ ಮುಂದೆ ಎಂದೂ ನಿಂತವಳಲ್ಲ, ಪಕ್ಕದಲ್ಲಿ ಒಬ್ಬರು ಇರಲಿ. ನಾನು ಅನುಮೋದಿಸುವುದು ಅವಳಿಗೆ ಇನ್ನೂ ತಿಳಿಯದು. ಅಂಗಳದಲ್ಲಿ ಹಿಮ ಎತ್ತಿಹಾಕುತ್ತಿದ್ದಾಳೆ. ಇನ್ನೊಂದು ಸಲಿಕೆ ಇದೆ, ಈಗ ಹೋಗಿ ಹೇಳುತ್ತೇನೆ.