ಒಳಗಿನಿಂದ ಒತ್ತಿ ಹಿಡಿದ ಷಟರ್

ಗೋವಿಂದರಾಜನಗರ,
ಸೋಮವಾರ

ಸೌಮ್ಯಶ್ರೀ ಅವರಿಗೆ ನಮಸ್ಕಾರ.

ನಾನು ಚನ್ನಕೇಶವ. ನಿಮ್ಮ ಯಜಮಾನರು, ಹೆಡ್ ಕಾನ್‌ಸ್ಟೆಬಲ್ ಸಿದ್ದಲಿಂಗೇಶ್ ಅವರು, ಪ್ರಾಣ ಬಿಟ್ಟ ಬೀದಿಯಲ್ಲೇ ನನ್ನ ಪಾತ್ರೆ ಅಂಗಡಿ. ಬರುವ ಭಾನುವಾರ ಅಲ್ಲಿನ ವೃತ್ತಕ್ಕೆ ಅವರ ಹೆಸರಿಡುತ್ತಾರೆ. ವರ್ತಕರ ಸಂಘದ ಅಧ್ಯಕ್ಷನೆಂದು ನಾಮಫಲಕದ ಪರದೆ ಸರಿಸಲು ನನ್ನನ್ನು ಕರೆದಿದ್ದಾರೆ. ದಯವಿಟ್ಟು ಅದನ್ನು ನಿಮ್ಮ ಮಗಳು ಅನಘಾಳ ಕೈಯಿಂದ ಮಾಡಿಸಿ. ನಾನು ಬರುವುದಿಲ್ಲ.

ಅಂದು ಅಜ್ಜಿಯೊಬ್ಬರ ಸರ ಕಿತ್ತ ಇಬ್ಬರನ್ನು ಅವರು ತಡೆದಾಗ, ಇಬ್ಬರೂ ಚಾಕು ತೆಗೆದರು. ನಿಮ್ಮ ಯಜಮಾನರು ನನ್ನ ಅಂಗಡಿಯ ಷಟರ್ ಬಡಿದು, "ಅಣ್ಣಾ, ಸ್ವಲ್ಪ ಎತ್ತಿ ಅಣ್ಣಾ, ಈ ಅಜ್ಜೀನ ಒಳಗೆ ಸೇರಿಸ್ಕೊಳ್ಳಿ" ಎಂದು ಕೂಗಿದರು. ನಾನು ಒಳಗಿನಿಂದ ಷಟರನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದೆ. ಅಜ್ಜಿಯನ್ನು ಬೆನ್ನ ಹಿಂದೆ ಮಾಡಿಕೊಂಡು ಅವರೇ ಇರಿತಕ್ಕೆ ಎದೆಯೊಡ್ಡಿದರು. ಅಜ್ಜಿ ಉಳಿದರು.

ಪೊಲೀಸರು ಕೇಳಿದಾಗ, "ನಾನೇನೂ ನೋಡ್ಲಿಲ್ಲ ಸಾರ್" ಅಂದೆ. ಷಟರಿನ ತೂತುಗಳಿಂದ ಇಬ್ಬರ ಮುಖವನ್ನೂ ನೋಡಿದ್ದೆ.

ಇಂದು ಬೆಳಿಗ್ಗೆ ಠಾಣೆಗೆ ಹೋಗಿ ಎಲ್ಲವನ್ನೂ ಬರೆದುಕೊಟ್ಟೆ. ಬೇರೆಯವರ ಬಾಯಿಂದ ನಿಮಗೆ ತಿಳಿಯಬಾರದೆಂದು ಈ ಪತ್ರ. ಕ್ಷಮಿಸಿ ಎನ್ನಲು ಬಾಯಿ ಬರುವುದಿಲ್ಲ. ನಾನು ಸಾಕ್ಷಿ ಹೇಳುವ ದಿನ ನೀವು ಕೋರ್ಟಿಗೆ ಬಂದರೆ, ದಯವಿಟ್ಟು ಹಿಂದೆ ಎಲ್ಲಾದರೂ ಕೂತುಕೊಳ್ಳಿ. ನಿಮ್ಮ ಮುಖ ಕಂಡರೆ ನನ್ನ ಮಾತು ನಿಂತುಹೋದೀತು.

ನಿಮ್ಮೆದುರು ತಲೆಯೆತ್ತಲಾರದ,
ಚನ್ನಕೇಶವ