ನೀಲಿಯವರ ನಡುವೆ ನಿಮ್ಮಪ್ಪ ಎದ್ದು ನಿಂತದ್ದು

ಬೊನ್ಫಿಂ, ಪೋರ್ಟೊ
ಆಗಸ್ಟ್ ಹನ್ನೊಂದು, ಸೋಮವಾರ ಬೆಳಿಗ್ಗೆ

ಪ್ರೀತಿಯ ಮಗ ಎಲ್ದೆರ್‌ಗೆ,

ಹೇಗಿದ್ದೀಯಪ್ಪಾ? ಮಂಡಿ ನೋವು ಕಡಿಮೆಯಾಯಿತೇ? ದಿನವಿಡೀ ಮಂಡಿಯೂರಿ ಟೈಲ್ಸ್ ಕೂರಿಸುವವನು ನೀನು. ಆ ಲಕ್ಸೆಂಬರ್ಗಿನ ಥಂಡಿ ಬೇರೆ. ಹೋದ ಸಲ ಕಳಿಸಿದ ಮುಲಾಮು ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಬೀರುವಿನಲ್ಲಿಟ್ಟು ಮರೆತೆಯೋ? ನನಗೆ ಗೊತ್ತು, ಮರೆತಿರುತ್ತೀಯ. ಲುರ್ದೆಸ್ ಹೇಗಿದ್ದಾಳೆ? ಮಫಾಲ್ದಾಳ ಮುಂದಿನ ಹಲ್ಲು ಬಂತೇ? ಫೋಟೋದಲ್ಲಿ ಆ ಬೊಚ್ಚು ಬಾಯಿ ನೋಡಿ ನಕ್ಕೂ ನಕ್ಕೂ ಸಾಕಾಯಿತು, ಥೇಟ್ ನಿನ್ನದೇ ಬಾಯಿ. ನನ್ನ ರಕ್ತದೊತ್ತಡ ಇದ್ದ ಹಾಗೇ ಇದೆ. ಡಾಕ್ಟರು ಉಪ್ಪು ಬಿಡಿ ಎನ್ನುತ್ತಾರೆ. ಉಪ್ಪುಮೀನು ಬಿಟ್ಟು ಈ ಊರಿನಲ್ಲಿ ಬದುಕುವುದು ಹೇಗೆ ಎಂದು ಮಾತ್ರ ಹೇಳುವುದಿಲ್ಲ. ಫೋನ್ ಮಾಡದೆ ಕಾಗದ ಯಾಕೆ ಎಂದು ಕೇಳಬೇಡ. ಫೋನಿನಲ್ಲಿ ನೀನು ‘ಹೂಂ ಅಮ್ಮಾ, ಸರಿ ಅಮ್ಮಾ’ ಎಂದು ಎರಡು ನಿಮಿಷಕ್ಕೆ ಇಟ್ಟುಬಿಡುತ್ತೀಯ. ಇದು ಎರಡು ನಿಮಿಷದ ಮಾತಲ್ಲ. ನಿನ್ನೆಯಿಂದ ನನ್ನ ತಲೆ ಗೊಂದಲದ ಗೂಡಾಗಿದೆ. ಎಲ್ಲಿಂದ ಶುರು ಮಾಡಲಿ, ಯಾರ ಮೇಲೆ ಸಿಟ್ಟಾಗಲಿ, ಒಂದೂ ತಿಳಿಯುತ್ತಿಲ್ಲ.

ನಿಮ್ಮಪ್ಪನ ವಿಷಯವೇ. ನೀನು ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಮರೆವು ಈಸ್ಟರ್ ಆದಮೇಲೆ ಬಹಳ ಹೆಚ್ಚಾಗಿದೆ. ನನ್ನ ಹೆಸರು ಹೋಗಿಬಿಟ್ಟಿದೆ ಕಣೋ. ಐವತ್ತೊಂದು ವರ್ಷ ಜೊತೆಯಲ್ಲಿ ಬಾಳಿದ ಮನುಷ್ಯ ನನ್ನನ್ನು ‘ಅಮ್ಮಾವ್ರೇ’ ಎನ್ನುತ್ತಾರೆ, ಬಹುವಚನದಲ್ಲಿ! ಕಾಫಿ ಕೊಟ್ಟರೆ ‘ತುಂಬಾ ಉಪಕಾರ ಆಯ್ತು ಅಮ್ಮಾವ್ರೇ’ ಎನ್ನುತ್ತಾರೆ. ಜ್ಞಾಪಕ ಇದ್ದಾಗ ಒಂದು ದಿನವೂ ಹೀಗೆ ಮರ್ಯಾದೆ ಕೊಟ್ಟವರಲ್ಲ. ಮೊದಮೊದಲು ಬಚ್ಚಲಿಗೆ ಹೋಗಿ ಅಳುತ್ತಿದ್ದೆ, ಈಗ ಪರವಾಗಿಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ಡಾಕ್ಟರು, ಹಿಂದೆ ಇಷ್ಟಪಡುತ್ತಿದ್ದ ಜಾಗಗಳಿಗೆ ಕರೆದುಕೊಂಡು ಹೋಗಿ, ಸ್ವಲ್ಪ ಚೇತರಿಸಿಕೊಂಡಾರು ಎಂದರು. ಅದನ್ನು ಕೇಳಿದ್ದೇ ತಡ, ನಿನ್ನ ಅರ್ಮಿಂದೊ ಮಾವ ಕುಣಿದಾಡಿಬಿಟ್ಟ. ‘ಭಾವ ಇಷ್ಟಪಟ್ಟಿದ್ದು ಒಂದೇ ಅಲ್ವೇನೆ ಅಕ್ಕಾ! ಅವೈರೊದಲ್ಲಿ ಸೂಪರ್ ಕಪ್ ಫುಟ್‌ಬಾಲ್ ಐತೆ, ನಮ್ಮ ಪೋರ್ಟೊದವ್ರೂ ಲಿಸ್ಬನ್ನಿನ ಬೆನ್ಫಿಕಾದವ್ರೂ. ಆ ಕೆಂಪು ಮುಖಗಳನ್ನ ಕಂಡ್ರೆ ಭಾವ ಸತ್ತಿದ್ರೂ ಎದ್ದು ಕೂತ್ಕೋತಾರೆ’ ಎಂದ. ನನ್ನ ತಮ್ಮನ ಬಾಯಿ ನಿನಗೆ ಗೊತ್ತೇ ಇದೆ. ಆದರೆ ಅವನು ಹೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ. ನಿಮ್ಮಪ್ಪನ ಕ್ಷೌರದಂಗಡಿಯಲ್ಲಿ ಕನ್ನಡಿಗಿಂತ ಪೋರ್ಟೊ ತಂಡದ ಫೋಟೋಗಳೇ ಹೆಚ್ಚಾಗಿದ್ದವಲ್ಲ. ಗಿರಾಕಿಯ ಕತ್ತಿಗೆ ಸುತ್ತುವ ಬಟ್ಟೆಯೂ ನೀಲಿ.

ಹಾಗಂತ ನಿನಗೆ ಆ ಅಂಗಡಿಯ ಮಾತು ಎತ್ತಿದರೆ ಕೆನ್ನೆ ಉರಿಯುತ್ತದೆ ಎಂದು ನನಗೆ ಗೊತ್ತಿಲ್ಲವೇ? ಇಪ್ಪತ್ತೇಳು ವರ್ಷ. ನಿನಗೆ ಆಗ ಹತ್ತೊಂಬತ್ತು. ಶನಿವಾರದ ದಿನ, ಅಂಗಡಿ ತುಂಬ ಜನ, ಟವೆಲ್ಲು ಹುಡುಕಲು ಹೋದ ನಿನ್ನ ತಾತನ, ಅಂದರೆ ನನ್ನ ಅಪ್ಪಯ್ಯನ, ಕೈಗೆ ಕೆಳಗಿನ ಡ್ರಾಯರಿನಲ್ಲಿ ಒಂದು ಕೆಂಪು ಮಫ್ಲರ್ ಸಿಕ್ಕಿತು. ಬೆನ್ಫಿಕಾದ್ದು, ಹದ್ದಿನ ಚಿತ್ರ ಇದ್ದದ್ದು. ಅಪ್ಪಯ್ಯ ಅದನ್ನು ಸತ್ತ ಇಲಿ ಎತ್ತುವ ಹಾಗೆ ಎರಡು ಬೆರಳಿನಲ್ಲಿ ಎತ್ತಿ ಹಿಡಿದು ‘ಯಾವನದೋ ಇದು?’ ಎಂದರು. ‘ನಂದು ತಾತ’ ಎಂದೆ ನೀನು. ನಿಮ್ಮಪ್ಪ ಬಂದವರೇ ಅಷ್ಟೂ ಜನರ ಎದುರಿಗೆ ಕಪಾಳಕ್ಕೆ ಬಾರಿಸಿ ‘ನನ್ನ ಮನೇಲಿ ನಿನಗೆ ಜಾಗ ಇಲ್ಲ’ ಎಂದರು. ನೀನು ಅದೇ ವಾರ ಲಕ್ಸೆಂಬರ್ಗಿನ ರೈಲು ಹತ್ತಿದೆ. ನಾನಾದರೂ ಏನು ಮಾಡಿದೆ? ‘ಹೋಗಿ ತಾತನ ಹತ್ರ ತಪ್ಪಾಯ್ತು ಅಂತ ಹೇಳೋ, ಮೊಂಡುತನ ಮಾಡ್ಬೇಡ’ ಎಂದು ನಿನ್ನನ್ನೇ ಗದರಿದೆ. ಹುಟ್ಟಿದ ಮೂರನೇ ದಿನ, ಜನನ ಬರೆಸುವ ಮುಂಚೆಯೇ, ತಾತ ಓಡಿಹೋಗಿ ಪೋರ್ಟೊ ಕ್ಲಬ್ಬಿನ ಸದಸ್ಯನನ್ನಾಗಿ ಮಾಡಿಸಿದ್ದ ಮಗು ನೀನು. ನಿನಗೆ ಹೆಸರು ಗಟ್ಟಿಯಾಗುವ ಮೊದಲೇ ಸದಸ್ಯತ್ವದ ಚೀಟಿ ಬಂದಿತ್ತು. ಅಂಥವನಿಗೆ ಈ ಕೆಂಪು ಹುಚ್ಚು ಎಲ್ಲಿಂದ ಹತ್ತಿತು ಎಂದು ಅಂದಿನಿಂದ ನಿನ್ನೆಯವರೆಗೂ ನನಗೆ ಬಗೆಹರಿದಿರಲಿಲ್ಲ.

ಸರಿ, ನಿನ್ನೆಯ ಕಥೆ ಕೇಳು. ಅರ್ಮಿಂದೊ ನಾಲ್ಕು ಟಿಕೆಟ್ ತಂದಿದ್ದ. ಅವನ ಮಗ ಕೊನೆಗಳಿಗೆಯಲ್ಲಿ ಕೈಕೊಟ್ಟ, ಮೂವರೇ ಹೊರಟೆವು. ಉಪ್ಪುಮೀನಿನ ಬೋಂಡ ಇಪ್ಪತ್ತು ಕರಿದು ಡಬ್ಬಿಗೆ ಹಾಕಿಕೊಂಡಿದ್ದೆ. ದಾರಿಯಲ್ಲೇ ಹನ್ನೆರಡು ನಿನ್ನ ಮಾವನ ಹೊಟ್ಟೆ ಸೇರಿದವು. ನಮ್ಮ ಸೀಟು ನೀಲಿಯವರ ಕಡೆಯ ಗೋಲಿನ ಹಿಂದೆ, ಎತ್ತ ನೋಡಿದರೂ ನಮ್ಮವರೇ. ನಿಮ್ಮಪ್ಪ ಕೋಟು ಬಿಚ್ಚಿ ಪಕ್ಕದ ಖಾಲಿ ಸೀಟಿನ ಮೇಲೆ ಮಡಿಸಿಟ್ಟರು. ಒಬ್ಬ ಹುಡುಗ ಕೂರಲು ಬಂದರೆ ‘ಇಲ್ಲಿ ಜನ ಬರ್ತಾರಪ್ಪಾ’ ಎಂದು ಎಬ್ಬಿಸಿದರು. ಅರ್ಮಿಂದೊನ ಮಗನಿಗೆ ಕಾಯುತ್ತಿದ್ದಾರೆ ಎಂದುಕೊಂಡೆ. ಆಟ ಶುರುವಾಯಿತು. ನಮ್ಮ ಒಂಬತ್ತನೇ ನಂಬರಿನವನು ಗೋಲು ಹೊಡೆದ, ಸ್ಟೇಡಿಯಂ ಹಾರಿಹೋಗುವಂತೆ ಕೂಗಿದರು. ಅರ್ಮಿಂದೊ ಯಾರೋ ಗುರುತಿಲ್ಲದವರನ್ನೆಲ್ಲ ತಬ್ಬಿಕೊಂಡು ಮುತ್ತಿಟ್ಟ. ನಿಮ್ಮಪ್ಪ ತಮ್ಮ ಉಗುರು ನೋಡಿಕೊಳ್ಳುತ್ತ ಕೂತಿದ್ದರು. ಅಯ್ಯೋ, ಇದೂ ಹೋಯಿತೇ, ಇನ್ನೇನು ಉಳಿಯಿತು ಎಂದುಕೊಂಡೆ.

ಹತ್ತು ನಿಮಿಷ ಕಳೆದಿರಬೇಕು. ಕೆಂಪಿನವರ ಒಬ್ಬ ಸಣಕಲು ಹುಡುಗ, ಹದಿನೇಳನೇ ನಂಬರಿನವನು, ನಮ್ಮ ಇಬ್ಬರನ್ನು ದಾಟಿ ಬಂದು ಮೂಲೆಗೆ ಹೊಡೆದ. ಗೋಲು. ನಮ್ಮ ಕಡೆ ಪಿಟ್ ಎನ್ನುವ ಸದ್ದಿಲ್ಲ. ಆ ಮೌನದಲ್ಲಿ ಒಬ್ಬರೇ ಒಬ್ಬರು ಎದ್ದು ನಿಂತು, ಎರಡೂ ಕೈ ಮೇಲೆತ್ತಿ, ‘ಗೋಲ್! ಗೋಲ್! ಬೆನ್ಫಿಕಾ!’ ಎಂದು ಕೂಗಿದರು. ಯಾರೆಂದು ತಿರುಗಿ ನೋಡಿದರೆ ನಿಮ್ಮಪ್ಪ! ಸೊಂಟದ ಆಪರೇಷನ್ ಆದವರು, ಕುರ್ಚಿಯಿಂದ ಏಳಲು ನನ್ನ ಹೆಗಲು ಬೇಕು ಎನ್ನುವವರು, ತುದಿಗಾಲಲ್ಲಿ ನಿಂತಿದ್ದಾರೆ. ಹಿಂದಿನ ಸಾಲಿನವನು ‘ಏನ್ ತಾತಾ, ದಾರಿ ತಪ್ಪಿ ಬಂದ್ಯಾ? ಲಿಸ್ಬನ್ ರೈಲು ಆ ಕಡೆ ಹೋಗುತ್ತೆ!’ ಎಂದ. ಇನ್ನೊಬ್ಬ ‘ಯಾರಾದ್ರೂ ಆ ಮುದುಕನ್ನ ಕೂರಿಸ್ರಪ್ಪಾ, ನನ್ನ ಕೈ ಸುಮ್ನಿರಲ್ಲ’ ಎಂದ. ಅರ್ಮಿಂದೊನ ಮುಖ ಬೂದಿಯಾಗಿತ್ತು. ‘ತಪ್ಪು ತಿಳ್ಕೋಬೇಡಿ ಸ್ವಾಮಿ, ನಮ್ ಭಾವಂಗೆ ತಲೆ ಸರಿ ಇಲ್ಲ, ಐವತ್ತು ವರ್ಷದಿಂದ ನಮ್ಮೋರೇ’ ಎಂದು ಕೈಮುಗಿದ. ನಿಮ್ಮಪ್ಪ ಅವನತ್ತ ತಿರುಗಿ, ಅಂಗಡಿಯಲ್ಲಿ ಗಿರಾಕಿಗೆ ಹೇಳುವ ಹಾಗೆ ಸಮಾಧಾನವಾಗಿ, ‘ತಲೆ ಈಗಲೇ ಸರಿ ಇರೋದು ಕಣಯ್ಯಾ’ ಎಂದರು. ಎಂದವರು ತಾವು ಹತ್ತು ವರ್ಷದವರಿದ್ದಾಗಿನ ಕೆಂಪು ತಂಡದ ಹನ್ನೊಂದು ಆಟಗಾರರ ಹೆಸರನ್ನು ಗೋಲ್‌ಕೀಪರಿನಿಂದ ಹಿಡಿದು ಒಂದೇ ಉಸಿರಿಗೆ ಹೇಳಿಬಿಟ್ಟರು. ಹನ್ನೊಂದು ಜನ ನೆನಪಿದ್ದಾರೆ, ನಾನೊಬ್ಬಳು ನೆನಪಿಲ್ಲ. ಹೇಳು, ನಗಲೋ ಅಳಲೋ?

ಇನ್ನು ಅಲ್ಲಿದ್ದರೆ ಹೊಡೆತ ಬೀಳುತ್ತದೆ ಎಂದು ಅವರನ್ನು ಹೊರಗಿನ ಮೆಟ್ಟಿಲಿಗೆ ಕರೆತಂದು ಕೂರಿಸಿದೆ. ಕೋಟನ್ನು ಮಾತ್ರ ಸೀಟಿನಿಂದ ಎತ್ತಲು ಬಿಡಲಿಲ್ಲ. ಬೋಂಡ ಕೊಟ್ಟೆ. ತಿನ್ನುತ್ತ ‘ಚೆನ್ನಾಗಿದೆ ಅಮ್ಮಾವ್ರೇ, ನಮ್ಮ ಮನೇಲೂ ಹಿಂಗೇ ಮಾಡ್ತಾರೆ’ ಎಂದರು. ನಾನು ಮೆಲ್ಲಗೆ, ‘ನೀವು ಯಾವಾಗಿಂದ ಬೆನ್ಫಿಕಾ ಕಡೆ?’ ಎಂದು ಕೇಳಿದೆ. ಅವರು ಅತ್ತ ಇತ್ತ ನೋಡಿದರು. ‘ಹುಟ್ಟಿದಾಗಿಂದ. ದಕ್ಷಿಣದ ಅಲೆಂತೆಜೊದವನು ನಾನು, ನಮ್ಮೂರಲ್ಲಿ ನಾಯಿ ಕೂಡ ಕೆಂಪೇ. ಕೆಲಸ ಹುಡುಕ್ಕೊಂಡು ಇಲ್ಲಿಗೆ ಬಂದೆ. ಕ್ಷೌರದಂಗಡಿ ಯಜಮಾನ ಕೇಳಿದ ಮೊದಲ ಪ್ರಶ್ನೆ ಅದೇ, ಯಾವ ಕಡೆಯವನು ಅಂತ. ಕೆಂಪಿನವನ ಕೈಯ ಕತ್ತಿಯ ಮುಂದೆ ನನ್ನ ಗಿರಾಕಿ ಕತ್ತು ಒಡ್ಡಬೇಕಾ ಅಂದ. ಒಳಗಿಂದ ಅವನ ಮಗಳು ಊಟದ ಡಬ್ಬಿ ತಂದ್ಲು. ನೀಲಿ ಅಂದುಬಿಟ್ಟೆ ಅಮ್ಮಾವ್ರೇ’ ಎಂದರು. ‘ಮಗಳು ಅಷ್ಟು ಚೆಂದ ಇದ್ಲಾ?’ ಎಂದೆ. ನಾಚಿಕೆ ಬಿಟ್ಟು ಕೇಳಿದೆ ಕಣೋ, ಈ ವಯಸ್ಸಿನಲ್ಲಿ. ಅವರು ‘ಮೂಗು ಸ್ವಲ್ಪ ಉದ್ದ. ನಕ್ಕರೆ ಮಾತ್ರ ಅಂಗಡೀಲಿ ಇನ್ನೊಂದು ದೀಪ ಹಚ್ಚಿದ ಹಾಗೆ’ ಎಂದರು.

ಆಮೇಲೆ ನಿನ್ನ ವಿಷಯ ಬಂತು. ನಾನು ಕೇಳಲಿಲ್ಲ, ಅವರೇ ತೆಗೆದರು. ‘ಎದೇಲಿಟ್ಟುಕೊಂಡು ಸಾಕಾಗಿತ್ತು, ಹುಡುಗ ದೊಡ್ಡವನಾದ ಮೇಲೆ ಅವನಿಗೊಬ್ಬನಿಗೆ ಹೇಳಿದೆ’ ಎಂದರು. ಭಾನುವಾರ ಮೀನು ಹಿಡಿಯಲು ಹೋಗುತ್ತೇವೆ ಎಂದು ನೀವಿಬ್ಬರೂ ನದಿ ಸಮುದ್ರ ಸೇರುವ ಕಡೆಗೆ ಹೋಗುತ್ತಿದ್ದಿರಲ್ಲ, ಕಾರಿನ ಗಾಜು ಏರಿಸಿಕೊಂಡು ಸಣ್ಣ ರೇಡಿಯೊದಲ್ಲಿ ಬೆನ್ಫಿಕಾ ಆಟ ಕೇಳುತ್ತಿದ್ದಿರಂತೆ. ಬರುವಾಗ ಮಾರುಕಟ್ಟೆಯಲ್ಲಿ ಒಂದು ಕಿಲೊ ಬೂತಾಯಿ ಮೀನು ಕೊಂಡು ತರುತ್ತಿದ್ದಿರಂತೆ. ಹೊಟ್ಟೆ ಸೀಳಿ ಶುಚಿ ಮಾಡಿದ ಬೂತಾಯಿ ಯಾವ ಗಾಳಕ್ಕೆ ಸಿಗುತ್ತದೆ ಎಂದು ಅಷ್ಟು ವರ್ಷದಲ್ಲಿ ಒಂದು ದಿನ ನಾನು ಕೇಳಿದೆನೇ? ಪೆದ್ದಿ ನಾನು. ಕೊನೆಗೆ ಆ ಮಫ್ಲರಿನ ಮಾತಿಗೆ ಬಂದರು. ಅದು ಅವರದ್ದಂತೆ. ಊರು ಬಿಡುವಾಗ ಅವರ ಅಣ್ಣ ಕೊಟ್ಟದ್ದಂತೆ. ‘ನಾನು ಬಾಯಿ ತೆಗೆಯೋ ಮುಂಚೆ ಹುಡುಗ ನಂದು ಅಂದುಬಿಟ್ಟ. ನನ್ನ ಮುಖ ನೋಡಿಕೊಂಡೇ ಅಂದ. ನಾನು ಅವನಿಗೇ ಹೊಡೆದೆ ಅಮ್ಮಾವ್ರೇ, ನನ್ನ ಮಫ್ಲರಿಗೆ ಅವನಿಗೆ ಹೊಡೆದೆ’ ಎಂದು ಬೋಂಡ ಕೈಯಲ್ಲಿ ಹಿಡಿದುಕೊಂಡೇ ಅತ್ತರು.

ಎಲ್ದೆರ್, ನಿನಗೆ ಎಲ್ಲ ಗೊತ್ತಿತ್ತು. ಇಪ್ಪತ್ತೇಳು ವರ್ಷ ಅವರ ಗುಟ್ಟನ್ನು ನುಂಗಿಕೊಂಡು ಕೂತೆಯಲ್ಲೋ, ನನಗೊಂದು ಮಾತು ಹೇಳಲಿಲ್ಲ! ಎಲ್ಲರ ಮಕ್ಕಳೂ ಆಗಸ್ಟ್ ಬಂದರೆ ಕಾರು ತುಂಬಿಕೊಂಡು ಬರುವಾಗ ನನ್ನ ಮಗ ಒಂದು ಫುಟ್‌ಬಾಲಿಗೋಸ್ಕರ ಮುನಿಸಿಕೊಂಡಿದ್ದಾನೆ, ಎಂಥ ಹಟಮಾರಿ ಎಂದು ನಿನ್ನನ್ನು ಎಷ್ಟು ಸಲ ಬೈದುಕೊಂಡಿದ್ದೇನೆ. ನನ್ನ ಅಪ್ಪ ಸತ್ತು ಇಪ್ಪತ್ತು ವರ್ಷವಾಯಿತು. ಆಮೇಲಾದರೂ ಈ ಮನುಷ್ಯ ನನಗೆ ಹೇಳಬಹುದಿತ್ತು. ಯಾಕೆ ಹೇಳಲಿಲ್ಲ ಎಂದು ರಾತ್ರಿಯೆಲ್ಲ ಯೋಚಿಸಿದೆ. ಕೆಂಪು ಎಂದು ಒಪ್ಪಿಕೊಂಡರೆ ಆ ಏಟನ್ನೂ ಒಪ್ಪಿಕೊಳ್ಳಬೇಕಲ್ಲ, ಅದಕ್ಕೇ ಇರಬೇಕು. ಬಣ್ಣ ಬದಲಾಯಿಸಿದ್ದು ನನಗೋಸ್ಕರ ಎಂದು ಒಂದು ಗಳಿಗೆ ಸಂತೋಷವಾಗುತ್ತದೆ. ಮರುಗಳಿಗೆಗೆ ಅದೇ ಬಣ್ಣ ನನ್ನ ಮಗನನ್ನು ನನ್ನಿಂದ ಕಿತ್ತುಕೊಂಡಿತಲ್ಲ ಎಂದು ಮೈ ಉರಿಯುತ್ತದೆ. ಬಿಸಿ ತುಪ್ಪ ನೋಡು, ನುಂಗಲೂ ಆಗದು, ಉಗುಳಲೂ ಆಗದು. ಜಗಳ ಆಡೋಣ ಎಂದರೆ ಯಾರ ಜೊತೆ ಆಡಲಿ? ಎದುರಿಗಿರುವವರು ‘ಅಮ್ಮಾವ್ರೇ’ ಎನ್ನುತ್ತಾರೆ. ತಪ್ಪು ಮಾಡಿದವರೇ ಮನೆಯಲ್ಲಿಲ್ಲ. ನಿನ್ನನ್ನು ಗದರಿದೆನಲ್ಲ, ಅದಕ್ಕೆ ನನ್ನನ್ನು ಕ್ಷಮಿಸು ಕಂದಾ. ಅದೊಂದು ಮಾತ್ರ ನನಗೆ ಸ್ಪಷ್ಟವಾಗಿದೆ, ಮಿಕ್ಕಿದ್ದೆಲ್ಲ ಕಲಸುಮೇಲೋಗರ.

ಕಪ್ ಯಾರು ಗೆದ್ದರು ಎಂದು ಕೇಳಬೇಡ. ನನಗೆ ಗೊತ್ತಿಲ್ಲ. ಮನೆ ಮುಂದೆ ಕಾರಿನಿಂದ ಇಳಿಯುವಾಗ ಅರ್ಮಿಂದೊ ‘ಅಕ್ಕಾ, ಇದು ಬೀದಿಯವರಿಗೆ ಗೊತ್ತಾಗೋದು ಬೇಡ’ ಎಂದ. ಬಾ ಎಂದು ನಾನು ಬರೆಯುವುದಿಲ್ಲ, ಬರೆದೂ ಬರೆದೂ ನನ್ನ ಕೈಯೂ ಸೋತಿದೆ, ನಿನ್ನ ಕಣ್ಣೂ ಸೋತಿರಬೇಕು. ಲುರ್ದೆಸ್‌ಗೆ ನನ್ನ ನೆನಪು ಹೇಳು, ಮಫಾಲ್ದಾಳ ಬೊಚ್ಚು ಬಾಯಿಗೆ ಎರಡು ಮುತ್ತು. ಫಾತಿಮಾ ಮಾತೆ ನಿನ್ನ ಮಂಡಿಯನ್ನೂ ಮನಸ್ಸನ್ನೂ ಕಾಯಲಿ.

ನಿನ್ನ ಅಮ್ಮ,
ಫೆಲಿಸ್ಮಿನಾ

ಮರೆತಿದ್ದೆ: ಲಕೋಟೆ ಅಂಟಿಸುವಷ್ಟರಲ್ಲಿ ನಿಮ್ಮಪ್ಪ ಅಡುಗೆಮನೆಗೆ ಬಂದರು. ಕೈಯಲ್ಲಿ ಆ ಹಳೇ ರೇಡಿಯೊ, ಎಲ್ಲಿ ಬಚ್ಚಿಟ್ಟಿದ್ದರೋ ಏನೋ. ‘ಅಮ್ಮಾವ್ರೇ, ಇದಕ್ಕೆ ಬ್ಯಾಟರಿ ತರಿಸಿಕೊಡ್ತೀರಾ? ಭಾನುವಾರ ನನ್ನ ಎಲ್ದೆರ್ ಬರ್ತಾನೆ. ನಿನ್ನೆ ಅವನಿಗೆ ಸೀಟು ಹಿಡಿದಿಟ್ಟಿದ್ದೆ, ಪಾಪ, ಕೆಲಸ ಇತ್ತೇನೋ. ಅವನ ಕೆನ್ನೆ ಒಂದ್ಸಲ ಮುಟ್ಟಿ ನೋಡ್ಬೇಕು. ನನ್ನ ಹೆಂಡ್ತಿಗೆ ಮಾತ್ರ ಹೇಳ್ಬೇಡಿ, ಪಾಪದವಳು, ನೊಂದುಕೊಳ್ತಾಳೆ’ ಎಂದರು. ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ಮಗನೇ, ನನ್ನ ಹೆಸರು ಹೋಯಿತು, ನಿನ್ನ ಹೆಸರು ಇನ್ನೂ ಇದೆ. ಅದೂ ಹೋಗುವ ಮುಂಚೆ ಬಾ. ಬ್ಯಾಟರಿ ತಂದಿಡುತ್ತೇನೆ.