ಸರಾಸರಿ ಮೂಗಿಲ್ಲದೆ ಹುಟ್ಟಿದ ತಪ್ಪಿಗೆ

ವೈದ್ಯಕೀಯ ಸಾಮಗ್ರಿ ಖರೀದಿ ಕಚೇರಿಯ ಮುಖ್ಯಾಧಿಕಾರಿಗಳಿಗೆ

ಮಾನ್ಯರೇ,

ಮೊದಲು ಖರ್ಚಿನ ಬಾಬ್ತು ಮುಗಿಸಿಬಿಡೋಣ. ಅರಗಿನ ಮುದ್ರೆ ಒಂದು. ಬಿಳಿ ದಾರ ಒಂದು ಮೊಳ. ಕಂದು ಲಕೋಟೆ ಒಂದು, ಬಾಯಿ ಹರಿದದ್ದು. ಮೂಗಿಗೆ ಹಾಕುವ ಸಣ್ಣ ನಳಿಕೆ ಒಂದು ಜೊತೆ. ಮತ್ತು ನನ್ನ ಮೊಮ್ಮಗಳ ಆಯುಷ್ಯದ ಎರಡು ದಿನ. ಆಗ ಅವಳ ಒಟ್ಟು ವಯಸ್ಸೇ ಐದು ದಿನ. ಇದರಲ್ಲಿ ತಾವು ನೋಟಿಸ್ ಕಳಿಸಿ ವಾಪಸು ಕೇಳಿರುವುದು ಮೊದಲ ನಾಲ್ಕನ್ನು ಮಾತ್ರ. ಐದನೆಯದರ ಲೆಕ್ಕ ತಮ್ಮ ಕಚೇರಿಯಲ್ಲಿ ಯಾರೂ ಇಟ್ಟಂತಿಲ್ಲ. ಅದಕ್ಕೇ ನಾನು ಇಟ್ಟಿದ್ದೇನೆ.

‘ಮಾದರಿ ವಸ್ತುವನ್ನು ಮೂಲ ಸ್ಥಿತಿಯಲ್ಲಿ, ಮುದ್ರೆ ಸಹಿತ, ಹದಿನೈದು ದಿನಗಳೊಳಗೆ ಹಿಂತಿರುಗಿಸತಕ್ಕದ್ದು’ ಎಂದು ನನಗೆ ಬರೆದಿದ್ದೀರಿ. ನನ್ನ ಪಾಲಿನ ನೋಟಿಸಿಗೆ ಅಂಚೆಯಲ್ಲೇ ಉತ್ತರ ಹಾಕಿ ಸುಮ್ಮನಾಗುತ್ತಿದ್ದೆ. ಆದರೆ ಮಾದರಿ ಕಪಾಟಿನ ಕೀಲಿ ನೋಡಿಕೊಳ್ಳುವ ಗುಮಾಸ್ತೆಗೂ ಒಂದು ನೋಟಿಸ್ ಕೊಟ್ಟು, ಆಕೆಯ ಬಡ್ತಿ ತಡೆಹಿಡಿದಿದ್ದೀರಂತೆ. ಹಾಗಾಗಿ ನಾಲ್ಕು ಜನರ ಮುಂದೆಯೇ ಮಾತಾಡೋಣ ಎಂದು ಈ ಬಹಿರಂಗ ಪತ್ರ.

ನಾನು ಚಪ್ಪಲಿ ವ್ಯಾಪಾರಿ. ಪಾದಚಾರಿ ಮಾರ್ಗದಲ್ಲಿ ಟಾರ್ಪಾಲು ಹಾಸಿ ಶುರುಮಾಡಿದವನು, ಈಗ ಗಾಜಿನ ಬಾಗಿಲಿನ ಅಂಗಡಿ ಇದೆ. ಮೂವತ್ತೆರಡು ವರ್ಷಗಳಲ್ಲಿ ಕಲಿತ ವಿದ್ಯೆ ಒಂದೇ: ಅಳತೆ. ಒಳಬಂದವರ ಮುಖ ನಾನು ಆಮೇಲೆ ನೋಡುತ್ತೇನೆ, ಮೊದಲು ಪಾದ. ಐದನೇ ನಂಬರಿನ ಗಿರಾಕಿ ಒಬ್ಬರು, ಒಂಬತ್ತನೇ ನಂಬರಿನವರು ಒಬ್ಬರು ಬಂದರೆ ಇಬ್ಬರಿಗೂ ಏಳು ಕೊಟ್ಟು ಕಳಿಸುವ ಧೈರ್ಯ ನನಗೆ ಇವತ್ತಿನವರೆಗೂ ಬಂದಿಲ್ಲ. ಆ ಧೈರ್ಯ ತಮ್ಮ ಕಚೇರಿಗಿದೆ ಎಂದು ಗೊತ್ತಾದದ್ದು ನನ್ನ ಮಗಳು ಹೆತ್ತಾಗ.

ಒಂಬತ್ತು ತಿಂಗಳು ತುಂಬಲು ಎರಡು ತಿಂಗಳಿರುವಾಗಲೇ ಕೂಸು ಹೊರಬಂತು. ತೂಕ ಒಂದು ಕಿಲೋ ಇನ್ನೂರು ಗ್ರಾಂ. ನನ್ನ ಅಂಗಡಿಯ ಒಂದು ಜೊತೆ ಬೂಟು ಅದಕ್ಕಿಂತ ತೂಗುತ್ತದೆ. ನನ್ನ ಹೆಂಡತಿ ನೋಡಿದ ಕೂಡಲೇ ‘ಚೋಟು’ ಎಂದು ಹೆಸರಿಟ್ಟಳು. ಇಷ್ಟು ಬೇಗ ಬಂದ ಕೂಸುಗಳ ಶ್ವಾಸಕೋಶ ಉಸಿರು ಬಿಟ್ಟಾಗಲೆಲ್ಲ ಒದ್ದೆ ಕಾಗದದಂತೆ ಅಂಟಿಕೊಳ್ಳುತ್ತದೆ, ಪ್ರತಿ ಉಸಿರಿಗೂ ಮತ್ತೆ ಬಿಡಿಸಬೇಕು, ಅದಕ್ಕೇ ಸುಸ್ತಾಗುತ್ತವೆ ಎಂದು ಡಾಕ್ಟರು ಹೇಳಿದರು. ಅದು ಅಂಟದ ಹಾಗೆ ಮೂಗಿನ ಮೂಲಕ ಹದವಾಗಿ ಗಾಳಿ ಒತ್ತುತ್ತಾ ಇರುವ ಏರ್ಪಾಡಿಗೆ ಸಿಪ್ಯಾಪ್ ಎನ್ನುತ್ತಾರೆ. ದೊಡ್ಡ ವಿದ್ಯೆಯೇನಲ್ಲ: ಒಂದು ಕೊಳವೆ, ಮೂಗಿನ ಹೊಳ್ಳೆಗಳಿಗೆ ಎರಡು ಕವಲಿನ ಮೆತ್ತನೆಯ ನಳಿಕೆ, ಕೊಳವೆಯ ಇನ್ನೊಂದು ತುದಿ ನೀರಿನ ಬಾಟಲಿಯಲ್ಲಿ. ನೀರು ಗುಳುಗುಳು ಎನ್ನುತ್ತಿದ್ದರೆ ಒತ್ತಡ ಇದೆ ಎಂದರ್ಥ.

ಆದರೆ ನಳಿಕೆ ಹೊಳ್ಳೆಗೆ ಸರಿಹೊಂದಬೇಕು. ಸಡಿಲವಾದರೆ ಗಾಳಿ ಸೋರುತ್ತದೆ, ಬಿಗಿಯಾದರೆ ಮೂಗು ಹುಣ್ಣಾಗುತ್ತದೆ. ಹಿರಿಯ ಸಿಸ್ಟರ್ ಒಂದಾದ ಮೇಲೊಂದು ಪೊಟ್ಟಣದ ಚೀಟಿ ಓದಿದರು. ಮಧ್ಯಮ. ಮಧ್ಯಮ. ಮಧ್ಯಮ. ತಮ್ಮ ಕಚೇರಿ ಖರೀದಿಸಿ ಕಳಿಸಿದ್ದು ಆಸ್ಪತ್ರೆಯ ಸ್ಟೋರಿನಲ್ಲಿ ನಾನೂರು ಜೊತೆ, ಅಷ್ಟೂ ಮಧ್ಯಮ. ಚೋಟುವಿನ ಹೊಳ್ಳೆಯ ಹತ್ತಿರ ಹಿಡಿದರೆ ಸೂಜಿಯ ಕಣ್ಣಿಗೆ ಹಗ್ಗ ಪೋಣಿಸಿದ ಹಾಗಿತ್ತು. ಮೂಗಿನ ಮಾಸ್ಕಿನದೂ ಅದೇ ಕಥೆ. ಬೇರೆ ದಾರಿಯಿಲ್ಲದೆ ಗಂಟಲಿಗೆ ಕೊಳವೆ ಇಳಿಸಿ ವೆಂಟಿಲೇಟರಿಗೆ ಹಾಕಿದರು.

ವೆಂಟಿಲೇಟರನ್ನು ನಾನು ದೂರುವುದಿಲ್ಲ. ಅದು ಮೂರು ದಿನ ನನ್ನ ಮೊಮ್ಮಗಳ ಪರವಾಗಿ ಉಸಿರಾಡಿದೆ, ಅದಕ್ಕೆ ನನ್ನ ನಮಸ್ಕಾರ. ಆದರೆ ಮೂರನೇ ದಿನ ಬೆಳಿಗ್ಗೆ ಡಾಕ್ಟರು, “ನೋಡಿ, ಈಗ ಅವಳೇ ಉಸಿರು ತಗೊಳ್ತಿದ್ದಾಳೆ. ಕೊಳವೆ ತೆಗೀಬಹುದು. ಇಟ್ಕೊಂಡಷ್ಟೂ ಶ್ವಾಸಕೋಶಕ್ಕೆ ಪೆಟ್ಟು, ಸೋಂಕಿನ ಭಯ ಬೇರೆ,” ಎಂದರು.

“ತೆಗೀರಿ ಮತ್ತೆ,” ಎಂದೆ.

“ತೆಗೆದು ಏನ್ ಹಾಕ್ಲಿ? ತೆಗೆದ ಮೇಲೆ ಸಿಪ್ಯಾಪ್ ಬೇಕು. ಮೂಗಿಗೆ ಆಗೋ ಸೈಜ್ ಇಲ್ವಲ್ಲ.”

ದುಡ್ಡು ಕೊಟ್ಟು ತರಬಾರದಿತ್ತೇ ಎಂದು ತಾವು ಕೇಳಬಹುದು. ಊರಿನ ಔಷಧಿ ಅಂಗಡಿಗಳನ್ನೆಲ್ಲ ಸುತ್ತಿದೆ. ದೂರದ ಸಗಟು ವ್ಯಾಪಾರಿಗೆ ಫೋನು ಮಾಡಿ ಒಂದು ಪೆಟ್ಟಿಗೆಗೆ ಹೇಳಿದೆ. ಬರಲು ವಾರ ಬೇಕು ಎಂದ. ಮರುದಿನ ನೇರ ತಮ್ಮ ಕಚೇರಿಗೇ ಬಂದೆ. ತಾವು ಸಭೆಯಲ್ಲಿದ್ದಿರಿ. ಕಿಟಕಿಯ ಪಕ್ಕದ ಮೇಜಿನಲ್ಲಿ ಆ ಗುಮಾಸ್ತೆ ಇದ್ದರು.

“ಸಣ್ಣದು ಯಾಕಮ್ಮಾ ತರಿಸಿಲ್ಲ?”

“ಒಂದು ಸಾಮಾನಿಗೆ ಒಂದೇ ಕೋಡ್ ಸಾರ್. ಒಂದು ಕೋಡಿಗೆ ಒಂದೇ ಅಳತೆ. ಕಂಪನಿಯವರು ಸಣ್ಣದು, ಮಧ್ಯಮ, ದೊಡ್ಡದು ಅಂತ ಮೂರು ತೋರಿಸಿದ್ರು. ಮೇಲಿನವರು ಸರಾಸರಿ ತೆಗೆದ್ರು.”

“ಮೂಗಿಗೆ ಸರಾಸರಿನಾ?”

“ಹೋದ್ ಸಲ ಕೈಗವಸಿಗೂ ತೆಗೆದಿದ್ರು ಸಾರ್. ಅದು ಹಿಗ್ಗುತ್ತೆ. ಹೇಗೋ ನಡೀತು.”

“ಸಣ್ಣದನ್ನ ಕಣ್ಣಲ್ಲಿ ನೋಡಾದ್ರೂ ನೋಡಿದೀರಾ?”

ಆಕೆ ಬೆನ್ನ ಹಿಂದಿನ ಹಸಿರು ಕಪಾಟಿನ ಕಡೆ ತಿರುಗಿದರು. “ನೋಡೋದೇನು ಸಾರ್, ಇಲ್ಲೇ ಇದೆ. ಒಂದು ಜೊತೆ. ಮಾದರಿ ಅಂತ ಕೊಟ್ಟಿದ್ದು. ಗುತ್ತಿಗೆ ಮುಗಿಯೋವರೆಗೆ, ಅಂದ್ರೆ ಮೂರು ವರ್ಷ, ಮುದ್ರೆ ಒಡೆಯೋ ಹಾಗಿಲ್ಲ.”

ಮಾನ್ಯರೇ, ನನಗೆ ಬೇಕಾದ ಉಸಿರು ನನ್ನಿಂದ ನಾಲ್ಕು ಅಡಿ ದೂರದಲ್ಲಿ ಅರಗು ಹಾಕಿಸಿಕೊಂಡು ಕೂತಿತ್ತು. ನಾನು ಮಾತಿನ ಮಲ್ಲ, ದಿನಕ್ಕೆ ಐವತ್ತು ಜನರನ್ನು ಮಾತಲ್ಲೇ ಕೂರಿಸುವವನು. ಅಲ್ಲಿ ಕಪಾಟಿನ ಬೀಗವನ್ನೇ ನೋಡುತ್ತಾ ನಿಂತೆ. ಆಕೆ ನನ್ನ ಮುಖ ನೋಡಿದರು, ಆಮೇಲೆ ನಿಯಮಗಳ ಪುಸ್ತಕ ತೆಗೆದು ಬೆರಳಿಟ್ಟು ಓದಿದರು: ‘ಪೂರೈಕೆಯಾದ ಸಾಮಗ್ರಿಯು ಸೂಕ್ತವಲ್ಲವೆಂದು ಬಳಕೆದಾರರು ಲಿಖಿತವಾಗಿ ದೂರಿದಲ್ಲಿ, ಮಾದರಿಯನ್ನು ಬಳಕೆಯ ಸ್ಥಳಕ್ಕೆ ಒಯ್ದು ಪರಿಶೀಲಿಸತಕ್ಕದ್ದು.’

“ಬಳಕೆದಾರರು ಯಾರು ಸಾರ್?”

“ನನ್ನ ಮೊಮ್ಮಗಳು.”

“ವಯಸ್ಸು?”

“ನಾಲ್ಕು ದಿನ.”

“ಹಾಗಾದ್ರೆ ಪೋಷಕರ ಸಹಿ ಬೇಕು. ಡಾಕ್ಟರದ್ದೂ ಒಂದು. ನಾಳೆ ಕಚೇರಿ ತೆಗೆಯೋ ಹೊತ್ತಿಗೆ ತನ್ನಿ. ಮಾದರಿ ನನ್ನ ಕೈ ಬಿಟ್ಟು ಹೋಗೋ ಹಾಗಿಲ್ಲ, ನಾನೂ ಬರ್ತೀನಿ.”

ಬಂದರು. ಕೈಚೀಲದಲ್ಲಿ ಲಕೋಟೆ, ಕಂಕುಳಲ್ಲಿ ರಿಜಿಸ್ಟರು. ವಾರ್ಡಿನ ಬಾಗಿಲಲ್ಲಿ ಕೈ ತೊಳೆದು, ಡಾಕ್ಟರ ಎದುರಿಗೆ ಮುದ್ರೆ ಒಡೆದು, ಒಡೆದ ಗಂಟೆ-ನಿಮಿಷ ಬರೆದುಕೊಂಡರು. ಸಿಸ್ಟರ್ ಒಳಗಿನ ಪ್ಯಾಕೆಟ್ಟನ್ನು ಬೆಳಕಿಗೆ ಹಿಡಿದು ನೋಡಿದರು. “ಪ್ಯಾಕ್ ಗಟ್ಟಿಯಿದೆ, ಅವಧಿನೂ ಇದೆ. ಕೊಡಿ ಇತ್ಲಾಗೆ. ಪರಿಶೀಲನೆ ನಾನು ಮಾಡ್ತೀನಿ.”

ಗಂಟಲಿನ ಕೊಳವೆ ಹೊರಬಂತು. ಆಗ ಚೋಟು ಅತ್ತಳು. ಕೊಳವೆ ಧ್ವನಿಪೆಟ್ಟಿಗೆಯ ನಡುವೆ ಹಾದುಹೋಗುವುದರಿಂದ ವೆಂಟಿಲೇಟರಿನ ಮಕ್ಕಳ ಅಳು ಮುಖದಲ್ಲಿ ಮಾತ್ರ ಕಾಣುತ್ತದೆ, ಕೇಳುವುದಿಲ್ಲ. ಇದು ನನಗೆ ಗೊತ್ತಿರಲಿಲ್ಲ. ಐದು ದಿನ ಗಾಜಿನಾಚೆಯಿಂದ ಆ ಮೂಕ ಅಳು ನೋಡಿದ್ದ ನನ್ನ ಮಗಳು, ದನಿ ಕೇಳಿದ್ದೇ ಗಾಜಿಗೆ ಕಿವಿ ಹಚ್ಚಿದಳು. ಬೆಕ್ಕಿನ ಮರಿಯ ದನಿ ಅದು. ನಳಿಕೆ ಹೊಳ್ಳೆಯಲ್ಲಿ ಕೂತಿತು, ಬಾಟಲಿ ಗುಳುಗುಳು ಎಂದಿತು. “ಈ ಸದ್ದು ನಿಂತ್ರೆ ಮಾತ್ರ ನನ್ನ ಕರೀರಿ. ಅಲ್ಲೀತನಕ ಯಾರೂ ನನ್ನ ತಲೆ ತಿನ್ಬೇಡಿ,” ಎಂದು ಸಿಸ್ಟರ್ ಪಕ್ಕದ ಮಗುವಿನ ಕಡೆ ಹೋದರು. ನನ್ನ ಹೆಂಡತಿ ಮಾತ್ರ ಬಾಟಲಿಯನ್ನೇ ನೋಡುತ್ತಾ, “ಸರಾಸರಿಯಂತೆ! ಅವರ ಮನೇಲಿ ಎಲ್ರೂ ಒಂದೇ ಅಂಗಿ ಹಾಕ್ತಾರಾ ಕೇಳಿ,” ಎಂದಳು. ಕೇಳಿದ್ದೇನೆ, ಇಗೋ.

ಗುಮಾಸ್ತೆ ರಿಜಿಸ್ಟರಿನಲ್ಲಿ ಬರೆದದ್ದು ಹೀಗೆ: ‘ಪರಿಶೀಲಿಸಲಾಯಿತು. ಮಾದರಿ ಹೊಂದುತ್ತದೆ. ಪೂರೈಕೆ ಹೊಂದುವುದಿಲ್ಲ.’ ತಮ್ಮ ಕಚೇರಿಯಿಂದ ಇಷ್ಟು ಸ್ವಚ್ಛವಾದ ವರದಿ ಹಿಂದೆ ಯಾವತ್ತಾದರೂ ಬಂದಿತ್ತೇ? ಇದಕ್ಕೆ ಬಹುಮಾನ ಕೊಡುವುದು ಬಿಟ್ಟು ನೋಟಿಸ್ ಕೊಟ್ಟಿದ್ದೀರಿ. ಮಾದರಿಗೆ ಮುದ್ರೆ ಯಾಕೆ ಬೇಕು ಎಂದು ವ್ಯಾಪಾರಿಯಾದ ನನಗೆ ಹೇಳಿಕೊಡಬೇಕಿಲ್ಲ. ತೋರಿಸುವುದೊಂದು, ಕಳಿಸುವುದೊಂದು ಮಾಡುವ ಕಳ್ಳರನ್ನು ನಾನೂ ಕಂಡಿದ್ದೇನೆ. ಆದರೆ ಇಲ್ಲಿ ಕಂಪನಿಯವನು ಮೋಸ ಮಾಡಲಿಲ್ಲ. ತಾವು ಕೇಳಿದ್ದನ್ನೇ ಕೊಟ್ಟ. ತಪ್ಪು ಕೇಳಿದವರು ತಾವು. ಮುದ್ರೆ ಒಡೆದದ್ದರಿಂದ ಹೊರಬಿದ್ದದ್ದು ಅದೊಂದೇ. ತಮ್ಮ ನಿಜವಾದ ನೋವು ಅದೇ ಇರಬಹುದೇ?

ಮೂಲ ಸ್ಥಿತಿಯಲ್ಲಿ ವಾಪಸು ಎಂದಿದ್ದೀರಿ. ಆ ನಳಿಕೆ ಒಂಬತ್ತು ದಿನ ನನ್ನ ಮೊಮ್ಮಗಳ ಮೂಗಿನಲ್ಲಿತ್ತು. ಅದರ ಮೂಲ ಸ್ಥಿತಿ ಎಂದರೆ ಕಪಾಟಿನ ಕತ್ತಲು. ಅವಳ ಮೂಲ ಸ್ಥಿತಿ ಎಂದರೆ ವೆಂಟಿಲೇಟರು. ಯಾವುದನ್ನು ಮರಳಿಸಲಿ?

ನಾನು ತರಿಸಿದ ಪೆಟ್ಟಿಗೆ ಬಂದಿತು, ಇಪ್ಪತ್ತು ಜೊತೆ. ವಾರ್ಡಿಗೆ ಕೊಟ್ಟೆ. ಕೋಡ್ ಇಲ್ಲದ ಸಾಮಾನೆಂದು ಸ್ಟೋರಿನವರು ಒಳಗೆ ಸೇರಿಸಲಿಲ್ಲ. ಸಿಸ್ಟರ್ ತಮ್ಮ ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದಾರೆ. ನಿನ್ನೆ ವಿಚಾರಿಸಿದೆ, ಆರು ಉಳಿದಿವೆ. ಏಳನೆಯ ಮಗು ಯಾವಾಗ ಹುಟ್ಟುತ್ತದೆಂದು ನನಗೆ ಗೊತ್ತಿಲ್ಲ, ಆದರೆ ಸಭೆ ಮುಗಿಯಲಿ ಎಂದು ಅದು ಕಾಯುವುದಿಲ್ಲ.

ಆದ್ದರಿಂದ ಮೂರು ಅಳತೆಗೆ ಮೂರು ಕೋಡ್ ಕೊಟ್ಟು, ಆ ಆರು ಮುಗಿಯುವುದರೊಳಗೆ ಸಣ್ಣ ನಳಿಕೆ ತರಿಸಿ. ಗುಮಾಸ್ತೆಯ ನೋಟಿಸ್ ಹಿಂದಕ್ಕೆ ಪಡೆಯಿರಿ. ಯಾರನ್ನಾದರೂ ದಂಡಿಸಲೇಬೇಕೆಂದಿದ್ದರೆ ನನ್ನ ವಿಳಾಸ ತಮ್ಮಲ್ಲಿದೆ. ಅಂಗಡಿ ಒಂಬತ್ತಕ್ಕೆ ತೆರೆಯುತ್ತೇನೆ.

ಕೊನೆಗೆ ಯಾರಿಗೆ ಏನು ಸಿಕ್ಕಿತು ಎಂಬ ಲೆಕ್ಕ. ಕಂಪನಿಗೆ ನಾನೂರು ಜೊತೆಯ ಬಿಲ್ಲು. ತಮಗೆ ಒಂದು ಸರಾಸರಿ. ನನಗೆ ಒಂದು ನೋಟಿಸ್, ಗುಮಾಸ್ತೆಗೆ ಒಂದು. ಸಿಸ್ಟರಿಗೆ ಡ್ರಾಯರಿನಲ್ಲಿ ಆರು ಜೊತೆ. ಚೋಟುವಿಗೆ ಉಸಿರು, ಈಗ ಎರಡು ಕಿಲೋ ಎಂಟುನೂರು ಗ್ರಾಂ, ಮನೆಯಲ್ಲಿದ್ದಾಳೆ, ಅಳು ಬೀದಿಯ ತಿರುವಿನವರೆಗೆ ಕೇಳುತ್ತದೆ.

ಇಂತಿ,
ಎಲ್ಲ ನಂಬರಿನ ಚಪ್ಪಲಿ ಇಟ್ಟೂ ಮೊಮ್ಮಗಳ ಪಾದಕ್ಕಾಗುವ ಒಂದು ಜೊತೆ ಇಲ್ಲದ,
ತಮ್ಮ ಕಡತದ ಪ್ರಕಾರ ‘ಮುದ್ರೆ ಭಂಗಕ್ಕೆ ಕಾರಣನಾದ ವ್ಯಕ್ತಿ’